ಕೆಲಸದ ಪಟ್ಟಿ ಮೇಜಿನಿಂದ ಜೇಬಿಗೆ ಬಂದ ಬಗೆ

ಒಕ್ಕಲುತನವೆಂಬುದು ಒಂದು ಕೆಲಸವಲ್ಲ, ನೂರು ಕೆಲಸಗಳ ಸರಪಳಿ. ರಾಗಿ ಬಿತ್ತಿದ ಮೂರು ನಾಲ್ಕು ವಾರಕ್ಕೆ ಮೇಲುಗೊಬ್ಬರ ಕೊಡಬೇಕು. ಅಷ್ಟರೊಳಗೆ ಕಳೆ ತೆಗೆದಿರಬೇಕು. ದನಗಳಿಗೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಬೇಕು. ಬೆಳೆವಿಮೆಯ ಕಂತನ್ನು ಗಡುವಿಗೆ ಮುಂಚೆ ಕಟ್ಟಬೇಕು. ಸಹಕಾರ ಸಂಘದ ಬಡ್ಡಿರಹಿತ ಸಾಲವನ್ನು ವಾಯಿದೆಯೊಳಗೆ ತೀರಿಸಿದರೆ ಮಾತ್ರ ಬಡ್ಡಿಯ ರಿಯಾಯಿತಿ. ವಾಯಿದೆ ತಪ್ಪಿದರೆ ಆ ಹಣ ಕೈಬಿಟ್ಟಿತೆಂದೇ ತಿಳಿಯಬೇಕು. ಇವನ್ನೆಲ್ಲ ನಮ್ಮ ಹಿರಿಯರು ತಲೆಯಲ್ಲಿಯೂ ಗೋಡೆಯ ಕ್ಯಾಲೆಂಡರಿನಲ್ಲಿಯೂ ಇಟ್ಟುಕೊಂಡು ನಡೆಸಿದರು. ಈಗ ಕೆಲಸಗಳೂ ಹೆಚ್ಚಿವೆ, ಗಡುವುಗಳೂ ಹೆಚ್ಚಿವೆ.

ಕಚೇರಿಗಳಲ್ಲಿ ಇಂತಹ ಕೆಲಸಗಳನ್ನು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿಡುವ ವಾಡಿಕೆ ಬಹಳ ವರ್ಷಗಳಿಂದ ಇದೆ. ಯಾವ ಕೆಲಸ, ಯಾರ ಪಾಲಿಗೆ, ಯಾವ ದಿನಕ್ಕೆ, ಮುಗಿಯಿತೇ ಇಲ್ಲವೇ ಎಂಬುದನ್ನು ಬರೆದಿಟ್ಟರೆ ಅದು ದಿನ ಬಂದಾಗ ನೆನಪಿಸುವುದು. ನಮ್ಮ ಕಡೆಯ ರೈತ ಉತ್ಪಾದಕರ ಸಂಸ್ಥೆಗಳಲ್ಲಿ, ಯಂತ್ರೋಪಕರಣ ಬಾಡಿಗೆ ಕೇಂದ್ರಗಳಲ್ಲಿ, ಹಾಲಿನ ಸಂಘಗಳಲ್ಲಿ ಮೇಜಿನ ಮೇಲೆ ಒಂದು ಕಂಪ್ಯೂಟರು ಇದ್ದೇ ಇರುತ್ತದೆ. ಆದರೆ ಕೆಲಸ ನಡೆಯುವುದು ಮೇಜಿನ ಮೇಲಲ್ಲ, ಹೊಲದಲ್ಲಿ. ಆದುದರಿಂದ ಆ ಪಟ್ಟಿಯನ್ನು ಟ್ಯಾಬ್ಲೆಟ್ಟಿಗೂ ಕೈಫೋನಿಗೂ ತರಬೇಕಾಯಿತು. ಇದು ದೊಡ್ಡ ಚಿತ್ರವನ್ನು ಚಿಕ್ಕದು ಮಾಡಿದಷ್ಟು ಸುಲಭವೆಂದು ಅನೇಕರು ತಿಳಿಯುತ್ತಾರೆ. ವಾಸ್ತವವಾಗಿ ಹಾಗಿಲ್ಲ. ಹೇಗೆ ತಂದರು, ಎಲ್ಲಿ ತೊಡಕಾಯಿತು ಎಂಬುದನ್ನು ತಿಳಿದರೆ, ನಿಮ್ಮ ಫೋನಿನ ಪಟ್ಟಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದೂ ತಿಳಿಯುವುದು.

ಮರದ ತುಂಡಿನಿಂದ ಆರಂಭ

ಅಮೆರಿಕಾ ದೇಶದಲ್ಲಿ ಜೆಫ್ ಹಾಕಿನ್ಸ್ ಎಂಬ ಎಂಜಿನಿಯರು ಜೇಬಿನಲ್ಲಿ ಹಿಡಿಸುವ ಒಂದು ಲೆಕ್ಕಯಂತ್ರವನ್ನು ಮಾಡಬೇಕೆಂದು ಹೊರಟಾಗ, ಮೊದಲು ಆ ಅಳತೆಯ ಮರದ ತುಂಡೊಂದನ್ನು ಮಾಡಿಸಿಕೊಂಡು ಜೇಬಿನಲ್ಲಿಟ್ಟುಕೊಂಡು ತಿರುಗಾಡಿದನು. ಯಾರಾದರೂ ಏನಾದರೂ ಕೇಳಿದರೆ ಅದನ್ನು ತೆಗೆದು, ಕಡ್ಡಿಯಿಂದ ಅದರ ಮೇಲೆ ಬರೆಯುವಂತೆ ಮಾಡಿ ನೋಡುತ್ತಿದ್ದನು. ನೋಡಿದವರಿಗೆ ನಗು ಬಂದಿರಬಹುದು. ಆದರೆ ನೇಗಿಲು ಮಾಡುವ ಬಡಗಿ ಮೊದಲು ಹಿಡಿ ಕೈಗೆ ಕೂರುತ್ತದೆಯೇ ಎಂದು ನೋಡುವಂತೆಯೇ ಇದು. ಹೀಗೆ 1996ರಲ್ಲಿ ಪೈಲಟ್ ಎಂಬ ಯಂತ್ರ ಮಾರುಕಟ್ಟೆಗೆ ಬಂದಿತು. ಅದರಲ್ಲಿ ದಿನಚರಿ, ವಿಳಾಸ, ಟಿಪ್ಪಣಿ ಮತ್ತು ಮಾಡಬೇಕಾದ ಕೆಲಸಗಳ ಪಟ್ಟಿ ಇದ್ದವು. ಎರಡು ಚಿಕ್ಕ ಬ್ಯಾಟರಿ ಸೆಲ್ಲುಗಳಲ್ಲಿ ಅದು ನಡೆಯುತ್ತಿತ್ತು.

ಅದನ್ನು ಮೇಜಿನ ಕಂಪ್ಯೂಟರಿಗೆ ಜೋಡಿಸಿದ ಒಂದು ತೊಟ್ಟಿಲಿನಂತಹ ಪೀಠದಲ್ಲಿ ಕೂರಿಸಿ, ಒಂದೇ ಗುಂಡಿ ಒತ್ತಿದರೆ, ಮೇಜಿನಲ್ಲಿದ್ದ ಪಟ್ಟಿಯೂ ಕೈಯಲ್ಲಿದ್ದ ಪಟ್ಟಿಯೂ ಹೊಂದಿಕೊಳ್ಳುತ್ತಿದ್ದವು. ಇದರ ವಿಶೇಷವೇನೆಂದರೆ ಕೈಯಂತ್ರವು ಮೇಜಿನ ಕಂಪ್ಯೂಟರಿಗೆ ಬದಲಿಯಲ್ಲ, ಅದರ ಜೊತೆಗಾರ ಎಂದು ಅವರು ಆರಂಭದಲ್ಲೇ ನಿಶ್ಚಯಿಸಿದ್ದರು. ಉದ್ದದ ಬರವಣಿಗೆ ಮೇಜಿನ ಮೇಲೆ. ನೋಡುವುದು, ಗುರುತು ಹಾಕುವುದು, ಒಂದೆರಡು ಸಾಲು ಸೇರಿಸುವುದು ಕೈಯಲ್ಲಿ. ಈ ವಿಭಾಗ ಇಂದಿಗೂ ಸರಿಯಾದುದೆಂದೇ ನನ್ನ ಅಭಿಪ್ರಾಯ. ಫೋನಿನಲ್ಲೇ ಎಲ್ಲವನ್ನೂ ಮಾಡಬೇಕೆಂಬ ಹಟ ಬೇಡ.

2008ರ ಜುಲೈ ತಿಂಗಳಲ್ಲಿ ಆಪಲ್ ಕಂಪನಿಯು ಐಫೋನಿಗೆ ಆ್ಯಪ್‌ಗಳ ಅಂಗಡಿಯನ್ನು ತೆರೆಯಿತು. ಆಗಲೇ ಬಂದವುಗಳಲ್ಲಿ ಕೆಲಸದ ಪಟ್ಟಿಯ ಎರಡು ಆ್ಯಪ್‌ಗಳು ಹೆಸರುವಾಸಿಯಾದವು. ಒಂದು, ಅಮೆರಿಕಾದ ಸಿಯಾಟಲ್ ನಗರದ ಓಮ್ನಿ ಗ್ರೂಪ್ ಕಂಪನಿಯ ಓಮ್ನಿಫೋಕಸ್. ಅದರ ಮೇಜಿನ ಆವೃತ್ತಿ ಅದೇ ವರ್ಷದ ಜನವರಿಯಲ್ಲಿ ಹೊರಬಂದಿತ್ತು. ಇನ್ನೊಂದು, ಜರ್ಮನಿಯ ಸ್ಟುಟ್‌ಗಾರ್ಟಿನ ಕಲ್ಚರ್ಡ್ ಕೋಡ್ ಕಂಪನಿಯ ಥಿಂಗ್ಸ್. ಅದರ ಮೇಜಿನ ಮೊದಲ ಪೂರ್ಣ ಆವೃತ್ತಿ 2009ರ ಜನವರಿಯಲ್ಲಿ ಬಂದಿತು. 2010ರಲ್ಲಿ ಐಪ್ಯಾಡ್ ಎಂಬ ಟ್ಯಾಬ್ಲೆಟ್ಟು ಬಂದ ಮೇಲೆ ಎರಡೂ ಅದೇ ವರ್ಷ ಅದಕ್ಕೂ ಬಂದವು. ಇವೆರಡೂ ಆಪಲ್ ಯಂತ್ರಗಳಿಗಾಗಿ ಹಣ ಕೊಟ್ಟು ಕೊಳ್ಳುವ ಆ್ಯಪ್‌ಗಳು. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಆಂಡ್ರಾಯ್ಡ್ ಫೋನು. ಆದರೂ ಅವರು ಪಟ್ಟ ಪಾಡು ಎಲ್ಲ ಆ್ಯಪ್‌ಗಳಿಗೂ ಒಂದೇ ಆದುದರಿಂದ ಇವುಗಳನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ.

ಬೆರಳು, ಇಲಿಯಲ್ಲ

ಮೇಜಿನ ಕಂಪ್ಯೂಟರಿನಲ್ಲಿ ಮೌಸಿನ ಬಾಣ ಸೂಜಿಯ ಮೊನೆಯಷ್ಟು ಸಣ್ಣದು. ಅದನ್ನು ಒಂದು ಹೆಸರಿನ ಮೇಲೆ ಸುಮ್ಮನೆ ನಿಲ್ಲಿಸಿದರೆ ವಿವರ ಕಾಣುತ್ತದೆ, ಬಲಗಡೆಯ ಗುಂಡಿ ಒತ್ತಿದರೆ ಇನ್ನೊಂದು ಪಟ್ಟಿ ತೆರೆದುಕೊಳ್ಳುತ್ತದೆ. ಬೆರಳಿಗೆ ಇವೆರಡೂ ಇಲ್ಲ. ಬೆರಳು ಗಾಜಿನ ಮೇಲೆ ತೇಲಿ ನಿಲ್ಲಲಾರದು, ಮುಟ್ಟಿದರೆ ಮುಟ್ಟಿದಂತೆಯೇ. ಅದರ ತುದಿ ದಪ್ಪ. ಕೆಳಗಿನ ಅಕ್ಷರವನ್ನೇ ಮರೆಮಾಡುತ್ತದೆ. ಆದುದರಿಂದ ಒತ್ತಬೇಕಾದ ಗುರುತು ಸುಮಾರು 9 ಮಿಲಿಮೀಟರಾದರೂ ಇರಬೇಕೆಂದು ಆಂಡ್ರಾಯ್ಡ್ ಆ್ಯಪ್‌ಗಳ ನಿಯಮಗಳಲ್ಲಿ ಹೇಳಿದೆ. ಮೇಜಿನ ಪರದೆಯಲ್ಲಿ ಹತ್ತು ಗುಂಡಿಗಳು ಕುಳಿತಿದ್ದ ಸಾಲಿನಲ್ಲಿ ಫೋನಿನಲ್ಲಿ ನಾಲ್ಕೋ ಐದೋ ಮಾತ್ರ ಕೂರುವುವು. ಉಳಿದವುಗಳನ್ನು ಎಲ್ಲಿಡಬೇಕು, ಯಾವುದನ್ನು ಬಿಡಬೇಕು? ಇಲ್ಲಿಯೇ ಅನುಭವಸ್ಥರಿಗೂ ಎಳಬರಿಗೂ ವ್ಯತ್ಯಾಸ ಕಾಣುವುದು. ನಾಲ್ಕು ಗುಂಡಿಯ ಜಾಗದಲ್ಲಿ ಹತ್ತನ್ನೂ ತುರುಕಿದ ಆ್ಯಪ್ ಹೊಲದಲ್ಲಿ, ಮಣ್ಣುಗೈಯಲ್ಲಿ, ಬಿಸಿಲಿಗೆ ಮಿರುಗುವ ಗಾಜಿನಲ್ಲಿ ನಡೆಯಲಾರದು. ಗಾಜಿನ ಮೇಲೆ ಮಳೆಹನಿ ಬಿದ್ದರೆ ಅದೂ ಬೆರಳೆಂದು ತಿಳಿದು ಪರದೆ ತಾನಾಗಿ ಓಡಾಡುವುದನ್ನು ನೀವೇ ಕಂಡಿರಬಹುದು. ಆದುದರಿಂದ 'ಅಳಿಸು' ಎಂಬ ಗುಂಡಿ 'ಮುಗಿಯಿತು' ಎಂಬ ಗುಂಡಿಯ ಪಕ್ಕದಲ್ಲಿರುವ ಆ್ಯಪನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಟ್ಯಾಬ್ಲೆಟ್ಟು ಎಂದರೆ ದೊಡ್ಡ ಫೋನಲ್ಲ. ಅದರಲ್ಲಿ ಎಡಗಡೆ ಪಟ್ಟಿಯೂ ಬಲಗಡೆ ಆರಿಸಿದ ಕೆಲಸದ ವಿವರವೂ ಒಟ್ಟಿಗೆ ಕಾಣುವಷ್ಟು ಸ್ಥಳವಿದೆ. ಫೋನಿನಲ್ಲಿ ಒಂದರ ಹಿಂದೆ ಒಂದನ್ನು ತೆರೆಯಬೇಕು. ಹೀಗೆ ಒಂದೇ ಪಟ್ಟಿಗೆ ಮೂರು ಬಗೆಯ ಮುಖ ಬೇಕಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಚಿಕ್ಕ ಯಂತ್ರಕ್ಕೆಂದು ಹೊಸದಾಗಿ ಯೋಚಿಸಿದ್ದು ದೊಡ್ಡ ಯಂತ್ರಕ್ಕೂ ಪಾಠವಾಯಿತು. ಓಮ್ನಿಫೋಕಸ್ಸಿನ ಐಪ್ಯಾಡ್ ಆವೃತ್ತಿಯಲ್ಲಿ ಮುಂದಿನ ದಿನಗಳನ್ನು ಸಾಲಾಗಿ ಇಟ್ಟು, ಯಾವ ದಿನಕ್ಕೆ ಎಷ್ಟು ಕೆಲಸ ಬಿದ್ದಿದೆ ಎಂಬುದನ್ನು ಅಂಕಿಯಲ್ಲಿ ತೋರಿಸುವ ಒಂದು ನೋಟ ಮಾಡಿದರು. ಅದು ಜನರಿಗೆ ಎಷ್ಟು ಹಿಡಿಸಿತೆಂದರೆ 2014ರ ಮೇಜಿನ ಎರಡನೆಯ ಆವೃತ್ತಿಗೂ ಅದನ್ನು ತಂದರು. ಅದಕ್ಕೂ ಮುಂಚೆ ಐಫೋನಿನ ಆವೃತ್ತಿಯಲ್ಲಿ, ನೀವಿರುವ ಸ್ಥಳವನ್ನು ಫೋನು ಗುರುತಿಸಿ ಅಲ್ಲಿ ಹತ್ತಿರದಲ್ಲಿ ಮಾಡಬಹುದಾದ ಕೆಲಸಗಳನ್ನು ಮುಂದಿಡುವ ಅನುಕೂಲವೂ ಇತ್ತು. ತಾಲ್ಲೂಕು ಕೇಂದ್ರಕ್ಕೆ ಹೋಗಿ, ಪಹಣಿ ತೆಗೆದುಕೊಂಡು, ಬೀಜದ ಅಂಗಡಿಯ ಕೆಲಸ ಮರೆತು, ಮಾರನೆಯ ದಿನ ಮತ್ತೆ ಬಸ್ಸಿಗೆ ಹಣ ತೆತ್ತವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಮೇಜಿನ ಕಂಪ್ಯೂಟರಿಗೆ ಇಂತಹ ಅನುಕೂಲ ಹೊಳೆಯುವಂತೆಯೇ ಇಲ್ಲ. ಅದು ಕುಳಿತಲ್ಲಿಂದ ಏಳುವುದಿಲ್ಲವಲ್ಲ!

ಎರಡು ಪುಸ್ತಕಗಳ ಲೆಕ್ಕ ಸರಿಹೊಂದಿಸುವುದು

ಪರದೆಯ ತೊಡಕು ಕಣ್ಣಿಗೆ ಕಾಣುವಂತಹುದು. ಕಾಣದಿರುವ ತೊಡಕು ಇದಕ್ಕಿಂತ ದೊಡ್ಡದು. ಅದೇ ಹೊಂದಾಣಿಕೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಾಡಿಗೆ ಕೇಂದ್ರದ ಮೇಜಿನ ಕಂಪ್ಯೂಟರಿನಲ್ಲಿ 'ಗುರುವಾರ, ಕೆರೆಯ ಹಿಂದಿನ ಹೊಲಕ್ಕೆ ಟ್ರ್ಯಾಕ್ಟರು' ಎಂದು ಬರೆದಿದೆಯೆಂದು ಇಟ್ಟುಕೊಳ್ಳಿ. ಅದೇ ಸಾಲು ಚಾಲಕನ ಫೋನಿನಲ್ಲಿಯೂ ಇದೆ. ಆತ ಸಿಗ್ನಲ್ ಸಿಗದ ಕಡೆ ಬುಧವಾರವೇ ಉಳುಮೆ ಮುಗಿಸಿ 'ಮುಗಿಯಿತು' ಎಂದು ಗುರುತು ಹಾಕುತ್ತಾನೆ. ಅದೇ ಹೊತ್ತಿಗೆ ಕೇಂದ್ರದಲ್ಲಿ ಗುಮಾಸ್ತರು, ಆ ದಿನ ಯಂತ್ರಕ್ಕೆ ಬೇರೆ ಕೆಲಸವಿದೆಯೆಂದು, ದಿನವನ್ನು ಶುಕ್ರವಾರಕ್ಕೆ ಬದಲಾಯಿಸುತ್ತಾರೆ. ಸಂಜೆ ಚಾಲಕನ ಫೋನಿಗೆ ಸಿಗ್ನಲ್ ಬಂದಾಗ ಯಾವುದು ನಿಲ್ಲಬೇಕು?

'ಕಡೆಯಲ್ಲಿ ಬರೆದದ್ದೇ ನಿಲ್ಲಲಿ' ಎಂಬುದು ಸುಲಭದ ಉಪಾಯ. ಆದರೆ ಸಾಲಿಗೆ ಸಾಲನ್ನೇ ಬದಲಾಯಿಸಿದರೆ ಗುಮಾಸ್ತರ ಶುಕ್ರವಾರ ಉಳಿದು ಚಾಲಕನ 'ಮುಗಿಯಿತು' ಅಳಿಸಿಹೋಗುವುದು. ಶುಕ್ರವಾರ ಡೀಸೆಲ್ ಸುಟ್ಟು, ಉತ್ತ ಹೊಲಕ್ಕೇ ಯಂತ್ರ ಮತ್ತೆ ಹೋಗುವುದು. ಉಳುಮೆಯಾದರೆ ಡೀಸೆಲ್ ಮಾತ್ರ ನಷ್ಟ. ಅದೇ ಕ್ರಿಮಿನಾಶಕವನ್ನು ಅಣ್ಣ ಹೊಡೆದು ಗುರುತು ಹಾಕಿದ್ದು ಅಳಿಸಿಹೋಗಿ, ಮಾರನೆಯ ದಿನ ತಮ್ಮ ಮತ್ತೆ ಹೊಡೆದರೆ? ಬೆಳೆಗೂ ಕೇಡು, ತಿನ್ನುವವರಿಗೂ ಕೇಡು. ಆದುದರಿಂದ ಒಳ್ಳೆಯ ಆ್ಯಪ್‌ಗಳು ಸಾಲನ್ನು ಇಡಿಯಾಗಿ ಹೋಲಿಸದೆ, ಅದರ ದಿನ, ಹೆಸರು, ಮುಗಿದ ಗುರುತು ಎಂದು ಒಂದೊಂದು ಕಲಮನ್ನೂ ಬೇರೆಬೇರೆಯಾಗಿ ಹೋಲಿಸುತ್ತವೆ. ಆಗ ದಿನ ಶುಕ್ರವಾರವೆಂದಾದರೂ 'ಮುಗಿಯಿತು' ಎಂಬುದು ಉಳಿಯುವುದು; ಯಂತ್ರ ಮತ್ತೆ ಹೊರಡುವುದಿಲ್ಲ.

ಸಹಕಾರ ಸಂಘದ ಲೆಕ್ಕ ಬಲ್ಲವರಿಗೆ ಓಮ್ನಿಫೋಕಸ್ಸಿನ ಉಪಾಯ ಬೇಗ ಅರ್ಥವಾಗುವುದು. ಸಂಘದಲ್ಲಿ ಖತಾವಣಿ ಒಂದು, ಕಿರ್ದಿ ಒಂದು. ಖತಾವಣಿಯಲ್ಲಿ ಇಂದಿನ ಸ್ಥಿತಿ ಕಾಣುವುದು. ಕಿರ್ದಿಯಲ್ಲಿ ಯಾವಾಗ ಏನು ನಡೆಯಿತೆಂಬುದು ಸಾಲುಸಾಲಾಗಿ ಇರುವುದು. ಓಮ್ನಿಫೋಕಸ್ ಪ್ರತಿ ಸಲವೂ ಇಡೀ ಪುಸ್ತಕವನ್ನು ಸಾಗಿಸುವುದಿಲ್ಲ. ಪ್ರತಿಯೊಂದು ಯಂತ್ರವೂ ತಾನು ಮಾಡಿದ ಬದಲಾವಣೆಗಳನ್ನಷ್ಟೇ ಚಿಕ್ಕ ಚಿಕ್ಕ ಕಟ್ಟುಗಳಾಗಿ ಮಾಡಿ, ನಡುವೆ ಇರುವ ಒಂದು ಸರ್ವರಿನಲ್ಲಿ ಇಡುವುದು. ಬೇರೆ ಯಂತ್ರಗಳು ಆ ಕಟ್ಟುಗಳನ್ನು ತೆಗೆದುಕೊಂಡು ತಮ್ಮ ಪುಸ್ತಕಕ್ಕೆ ಏರಿಸಿಕೊಳ್ಳುವುವು. ಕಟ್ಟುಗಳು ಚಿಕ್ಕವಾದುದರಿಂದ ದುರ್ಬಲ ಸಿಗ್ನಲಿನಲ್ಲಿಯೂ ಸಾಗುವುವು.

ಅಳಿಸುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೇಜಿನಲ್ಲಿ ಒಂದು ಕೆಲಸ ಇದೆ, ಫೋನಿನಲ್ಲಿ ಇಲ್ಲ. ಫೋನಿನಲ್ಲಿ ಅಳಿಸಿದ್ದರಿಂದ ಇಲ್ಲವೋ, ಮೇಜಿನಲ್ಲಿ ಈಗಷ್ಟೇ ಹೊಸದಾಗಿ ಬರೆದದ್ದರಿಂದ ಇನ್ನೂ ಬಂದಿಲ್ಲವೋ? ಬರೀ ಇಲ್ಲದಿರುವುದನ್ನು ನೋಡಿ ಇದನ್ನು ಹೇಳಲಾಗದು. ಆದುದರಿಂದ ಅಳಿಸಿದ ಕೆಲಸವನ್ನು ಪೂರ್ತಿ ಎತ್ತಿಹಾಕದೆ, 'ಇದನ್ನು ಇಂತಹ ಹೊತ್ತಿನಲ್ಲಿ ಹೊಡೆದುಹಾಕಿದೆ' ಎಂಬ ಗುರುತನ್ನು ಒಳಗೆ ಉಳಿಸಿಕೊಳ್ಳಬೇಕು. ಈ ಗುರುತಿಲ್ಲದ ಆ್ಯಪಿನಲ್ಲಿ ಅಳಿಸಿದ ಕೆಲಸಗಳು ಮರುದಿನ ಮತ್ತೆ ತಲೆ ಎತ್ತುವುವು, ಗರಿಕೆಯಂತೆ.

ಕೆಲಸಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟರೂ ನಡೆಯದು. ಸಿಗ್ನಲ್ ಇಲ್ಲದಾಗ ಎರಡು ಫೋನುಗಳೂ ತಮ್ಮ ತಮ್ಮ ಹೊಸ ಕೆಲಸಕ್ಕೆ 41 ಎಂದೇ ಹೆಸರಿಟ್ಟರೆ ಒಂದು ಇನ್ನೊಂದನ್ನು ನುಂಗುವುದು. ನಮ್ಮ ಊರಿನ ಹತ್ತು ಮನೆಗಳಲ್ಲಿ ಗೌರಿ ಎಂಬ ಹಸುಗಳಿರಬಹುದು. ಆದರೆ ಕಿವಿಗೆ ಹಾಕಿದ ಓಲೆಯ 12 ಅಂಕಿಯ ಸಂಖ್ಯೆ ಬೇರೆ ಯಾವ ಹಸುವಿಗೂ ಇರುವುದಿಲ್ಲ. ಹಾಗೆಯೇ ಆ್ಯಪ್ ಪ್ರತಿ ಕೆಲಸಕ್ಕೂ, ನಮಗೆ ಕಾಣದಂತೆ, ಬಹಳ ಉದ್ದದ ಒಂದು ಗುರುತನ್ನು ಕಟ್ಟುವುದು.

ಮತ್ತೆ ಮತ್ತೆ ಬರುವ ಕೆಲಸಗಳಲ್ಲಿ ಎರಡು ಬಗೆ. ಹಾಲಿನ ಬಟವಾಡೆ ಗೊತ್ತಾದ ದಿನಕ್ಕೇ ಬರುವುದು. ಈ ಸಲ ತಡವಾಗಿ ಹೋಗಿ ತಂದರೂ ಮುಂದಿನದು ತಡವಾಗದು. ಆದರೆ ತೋಟಕ್ಕೆ ನೀರು ಹಾಯಿಸುವುದು ಹಾಗಲ್ಲ. ಹಿಂದೆ ಹಾಯಿಸಿದ ದಿನದಿಂದ ಲೆಕ್ಕ ಹಿಡಿಯಬೇಕು. ಓಮ್ನಿಫೋಕಸ್ ಮತ್ತು ಥಿಂಗ್ಸ್ ಎರಡರಲ್ಲಿಯೂ ಈ ಎರಡು ಬಗೆಗೂ ಅವಕಾಶವಿದೆ. ಬೇರೆ ಆ್ಯಪ್ ಹಿಡಿಯುವವರು ಇದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಕಾಯಿಸಿದ ಹೊಂದಾಣಿಕೆ

ಥಿಂಗ್ಸ್ ಆ್ಯಪಿನ ಕಥೆಯನ್ನು ಇಲ್ಲಿ ಹೇಳಬೇಕು. ಆರಂಭದಲ್ಲಿ ಅದರ ಫೋನೂ ಕಂಪ್ಯೂಟರೂ ಒಂದೇ ವೈಫೈ ಜಾಲದಲ್ಲಿದ್ದಾಗ ಮಾತ್ರ ಪಟ್ಟಿ ಹೊಂದುತ್ತಿತ್ತು. ಮನೆಯಿಂದ ಹೊರಗೆ ಹೋದರೆ ಎರಡೂ ಬೇರೆಬೇರೆ ದಾರಿ. ಎಲ್ಲಿದ್ದರೂ ಹೊಂದುವಂತೆ ಮಾಡಿಕೊಡಿರೆಂದು ಬಳಸುವವರು ವರ್ಷಗಟ್ಟಲೆ ಕೇಳಿದರು. ಸಿಟ್ಟಾಗಿ ಬೇರೆ ಆ್ಯಪಿಗೆ ಹೋದವರೂ ಉಂಟು. ಕಡೆಗೆ 2012ರ ಆಗಸ್ಟಿನಲ್ಲಿ ಆ ಕಂಪನಿಯು ತನ್ನದೇ ಸರ್ವರಿನ ಮೂಲಕ ನಡೆಯುವ ಹೊಂದಾಣಿಕೆಯನ್ನು ಹೊರತಂದಿತು. ಫೋನಿನ ಆ್ಯಪ್ ಬಂದು ಆಗಲೇ ನಾಲ್ಕು ವರ್ಷವಾಗಿತ್ತು. ಇಷ್ಟು ಕಾಯಿಸಿದ್ದು ಸರಿಯೇ? ಗಿರಾಕಿಗೆ ಕಷ್ಟವೇ ಆಯಿತು. ಆದರೂ ಸಿದ್ಧವಾಗದ ಹೊಂದಾಣಿಕೆಯನ್ನು ಕೊಟ್ಟು ಜನರ ಪಟ್ಟಿಯನ್ನು ಕಲಸಿಹಾಕುವುದಕ್ಕಿಂತ ಇದೇ ಮೇಲೆಂದು ನನಗೆ ತೋರುತ್ತದೆ.

ಜರ್ಮನಿಯ ಬರ್ಲಿನ್ನಿನಲ್ಲಿ 2010ರಲ್ಲಿ ಹುಟ್ಟಿದ ವುಂಡರ್‌ಲಿಸ್ಟ್ ಎಂಬುದು ಬೇರೆ ದಾರಿ ಹಿಡಿಯಿತು. ಒಂದೇ ಸಲ ಬರೆದು ಎಲ್ಲ ಬಗೆಯ ಯಂತ್ರಗಳಲ್ಲಿಯೂ ಓಡಿಸಬಹುದಾದ ಸಲಕರಣೆಯಿಂದ ಅದನ್ನು ಕಟ್ಟಿದರು. ಬೇಗ ಹರಡಿತು. ಆದರೆ ಒಂದೇ ಅಳತೆಯ ಅಂಗಿ ಎಲ್ಲರಿಗೂ ಹಿಡಿಸದು. 2012ರ ಡಿಸೆಂಬರಿನಲ್ಲಿ ಎರಡನೆಯ ಆವೃತ್ತಿಯನ್ನು ಒಂದೊಂದು ಬಗೆಯ ಯಂತ್ರಕ್ಕೂ ಬೇರೆಯಾಗಿ ಬರೆದು ಹೊರತಂದರು. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. 2020ರ ಮೇ 6ರಂದು ಅದನ್ನು ಮುಚ್ಚಿದರು. ಬಳಸುತ್ತಿದ್ದವರು ತಮ್ಮ ಪಟ್ಟಿಗಳನ್ನು ಮೈಕ್ರೋಸಾಫ್ಟಿನ ಟು ಡು ಎಂಬ ಆ್ಯಪಿಗೆ ಸಾಗಿಸಿಕೊಳ್ಳಬೇಕಾಯಿತು. ಬೇರೆಯವರ ಉಗ್ರಾಣದಲ್ಲಿ ಧಾನ್ಯವಿಟ್ಟವರು ಬೀಗದ ಕೈ ಯಾರ ಬಳಿ ಇದೆಯೆಂದು ವಿಚಾರಿಸುವುದು ವಾಡಿಕೆ. ಪಟ್ಟಿಯ ವಿಷಯದಲ್ಲಿಯೂ ಹಾಗೆಯೇ, ಅದನ್ನು ಹೊರತೆಗೆದು ಬೇರೆಡೆ ಉಳಿಸಿಕೊಳ್ಳುವ ಅನುಕೂಲವುಂಟೇ ಎಂದು ಮೊದಲೇ ನೋಡಿರಿ.

ನಮ್ಮ ಕಡೆಯ ಎರಡು ತೊಡಕುಗಳು

ಮೊದಲನೆಯದು ಅಕ್ಷರ. ನಮ್ಮ ಕಚೇರಿಗಳಲ್ಲಿ ಬಹುಕಾಲದಿಂದ ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಕನ್ನಡ ಬರೆಯುತ್ತ ಬಂದಿದ್ದಾರೆ. ಇವುಗಳ ಹಳೆಯ ಪದ್ಧತಿಯಲ್ಲಿ ಕನ್ನಡ ಅಕ್ಷರವು ಒಳಗೆ ಇಂಗ್ಲಿಷಿನ ಸಂಕೇತವಾಗಿಯೇ ಇದ್ದು, ಆ ಅಕ್ಷರವಿನ್ಯಾಸ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುವುದು. ಅದನ್ನು ಫೋನಿಗೆ ತಂದರೆ ಗೊತ್ತುಗುರಿಯಿಲ್ಲದ ಅಕ್ಷರಗಳು ಬರುವುವು. 'ಗೊಬ್ಬರ' ಎಂದು ಬರೆದದ್ದು ಯಾರಿಗೂ ಓದಲಾಗದು. ಇದು ಫೋನಿನ ದೋಷವಲ್ಲ. ಯೂನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ ಬರೆದರೆ ಮೇಜಿನಲ್ಲಿಯೂ ಫೋನಿನಲ್ಲಿಯೂ ಒಂದೇ ರೀತಿ ಕಾಣುವುದು. ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡಿನಲ್ಲಿ ಬರೆಯುವ ಅನುಕೂಲವಿದೆ. ಸಂಘದ ಕಂಪ್ಯೂಟರಿನಲ್ಲಿ ಪಟ್ಟಿ ಬರೆಯುವವರಿಗೆ ಇದೊಂದು ಮಾತನ್ನು ತಪ್ಪದೆ ಹೇಳಿರಿ.

ಎರಡನೆಯದು ಸಿಗ್ನಲ್. 2020ರ ಮುಂಗಾರಿನಲ್ಲಿ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಬೆಳೆಯ ಸಮೀಕ್ಷೆಯನ್ನು ಫೋನಿನಲ್ಲಿ ಮಾಡುವ ಆ್ಯಪ್ ಬಂದಿತು. ಹೊಲದಲ್ಲಿ ನಿಂತು ಚಿತ್ರ ತೆಗೆದು ಉಳಿಸಿಕೊಳ್ಳುವುದು ಒಂದು ಹಂತ, ಅದನ್ನು ಕಳುಹಿಸುವುದು ಇನ್ನೊಂದು ಹಂತ ಎಂಬುದನ್ನು ಅನೇಕರು ಆಗ ಕಲಿತರು. ಕೆಲಸದ ಪಟ್ಟಿಯೂ ಹಾಗೆಯೇ ಇರಬೇಕು. ಪಟ್ಟಿ ಫೋನಿನೊಳಗೇ ಇದ್ದು, ಸಿಗ್ನಲ್ ಇಲ್ಲದಾಗಲೂ ತೆರೆದುಕೊಂಡು, ಸಿಗ್ನಲ್ ಬಂದಾಗ ತಾನೇ ಹೊಂದಿಕೊಳ್ಳಬೇಕು. ಸಿಗ್ನಲ್ ಇಲ್ಲದಾಗ ಬಿಳಿಯ ಪರದೆ ತೋರಿಸುವ ಆ್ಯಪ್ ಪೇಟೆಯವರಿಗೆ ಸರಿ, ನಮಗಲ್ಲ.

ಇದರ ಜೊತೆಗೆ ಇನ್ನೊಂದು. ಕೆಲವು ಕಂಪನಿಗಳ ಫೋನುಗಳು ಬ್ಯಾಟರಿ ಉಳಿಸಲೆಂದು, ಎದುರಿಗೆ ತೆರೆದಿಲ್ಲದ ಆ್ಯಪನ್ನು ನಿಲ್ಲಿಸಿಬಿಡುತ್ತವೆ. ಆಗ ನೆನಪಿನ ಗಂಟೆ ಹೊಡೆಯುವುದಿಲ್ಲ. ಫೋನಿನ ಸೆಟ್ಟಿಂಗ್‌ನಲ್ಲಿ ಬ್ಯಾಟರಿ ಎಂಬಲ್ಲಿ ಈ ಆ್ಯಪಿಗೆ ಮಾತ್ರ ಆ ಕಟ್ಟು ಇಲ್ಲದಂತೆ ಮಾಡಿಸಿಕೊಳ್ಳಬೇಕು. ಮನೆಯ ಹುಡುಗರಿಗೆ ಹೇಳಿದರೆ ಎರಡು ನಿಮಿಷದ ಕೆಲಸ.

ಪರೀಕ್ಷೆ ಮಾಡುವ ಕ್ರಮ

ಹಣ ಕೊಡದೆ ಆಂಡ್ರಾಯ್ಡ್ ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ನಡೆಯುವ ಪಟ್ಟಿಗಳಲ್ಲಿ ಗೂಗಲ್ ಟಾಸ್ಕ್ಸ್ ಮತ್ತು ಮೈಕ್ರೋಸಾಫ್ಟ್ ಟು ಡು ಬಳಕೆಯಲ್ಲಿವೆ. ಯಾವುದನ್ನೇ ಆಗಲಿ ಹಂಗಾಮು ಆರಂಭವಾಗುವುದಕ್ಕೆ ಮುಂಚೆ ಬಿಡುವಾದ ಒಂದು ದಿನ ಪರೀಕ್ಷಿಸಿರಿ. ಬಿತ್ತನೆಬೀಜವನ್ನು ಗೋಣಿತಾಟಿನಲ್ಲಿ ಮೊಳಕೆ ಕಟ್ಟಿ ನೋಡುವುದಿಲ್ಲವೇ, ಹಾಗೆ.

ಕಂಪ್ಯೂಟರಿನಲ್ಲಿ ನಾಲ್ಕು ಕೆಲಸಗಳನ್ನು ಕನ್ನಡದಲ್ಲಿ ಬರೆದು, ಫೋನಿನಲ್ಲಿ ಅವು ಅದೇ ಅಕ್ಷರಗಳಲ್ಲಿ ಬಂದವೇ ನೋಡಿರಿ. ಬಳಿಕ ಫೋನನ್ನು ವಿಮಾನದ ಗುರುತಿಗೆ ಹಾಕಿ ಜಾಲದಿಂದ ಬಿಡಿಸಿರಿ. ಹಾಗಿರುವಾಗಲೇ ಫೋನಿನಲ್ಲಿ ಒಂದನ್ನು ಮುಗಿಯಿತೆಂದು ಗುರುತಿಸಿ, ಇನ್ನೊಂದನ್ನು ಅಳಿಸಿ, ಹೊಸದೊಂದನ್ನು ಸೇರಿಸಿರಿ. ಅದೇ ವೇಳೆಗೆ ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಮುಗಿಯಿತೆಂದು ಗುರುತಿಸಿದ ಅದೇ ಕೆಲಸದ ದಿನವನ್ನು ಬದಲಾಯಿಸಿರಿ. ಹತ್ತು ನಿಮಿಷದ ಮೇಲೆ ವಿಮಾನದ ಗುರುತನ್ನು ತೆಗೆದು ಎರಡು ಕಡೆಯೂ ನೋಡಿರಿ. ಮುಗಿದದ್ದು ಮುಗಿದಂತೆಯೇ ಇದೆಯೇ, ಅಳಿಸಿದ್ದು ಮತ್ತೆ ಬಂದಿದೆಯೇ, ಹೊಸದು ಎರಡೆರಡಾಗಿದೆಯೇ? ಕಡೆಯದಾಗಿ ಹದಿನೈದು ನಿಮಿಷದ ಆಚೆಗೆ ಒಂದು ನೆನಪಿನ ಗಂಟೆ ಇಟ್ಟು, ಪರದೆ ಆರಿಸಿ, ಫೋನನ್ನು ಜೇಬಿಗೆ ಹಾಕಿಕೊಂಡು ದನಗಳಿಗೆ ಮೇವು ಹಾಕಲು ಹೋಗಿರಿ. ಹೇಳಿದ ಹೊತ್ತಿಗೆ ಗಂಟೆ ಹೊಡೆದರೆ ಸಾಲದ ವಾಯಿದೆಯನ್ನೂ ವಿಮೆಯ ಗಡುವನ್ನೂ ಅದರಲ್ಲಿ ಬರೆಯಬಹುದು; ಹೊಡೆಯದಿದ್ದರೆ ಬ್ಯಾಟರಿಯ ಕಟ್ಟನ್ನು ಸರಿಮಾಡಿಸುವವರೆಗೆ ಗೋಡೆಯ ಕ್ಯಾಲೆಂಡರನ್ನು ತೆಗೆಯಬೇಡಿರಿ.